ಉಕುಲೇಲೆ ತಿರುಗಿಸಿದವರು
ತಂತಿವಾದ್ಯಗಳ ರಿಪೇರಿಯವರು ಯಾವ ವಾದ್ಯ ಕೈಗೆ ಬಂದರೂ ಮೊದಲು ಹಿಂದಿನ ರಿಪೇರಿಯವನಿಗೆ ಮಂಗಳಾರತಿ ಎತ್ತುತ್ತಾರೆ: "ಇದೇನು ಅಂಟೋ, ಮೂಗಿನ ಸಿಂಬಳವೋ!" ಆಮೇಲೆ "ಹತ್ತೇ ನಿಮಿಷ" ಎಂದು ಹತ್ತು ದಿನ ಇಟ್ಟುಕೊಳ್ಳುತ್ತಾರೆ. ಅಂಥ ಒಬ್ಬ ರಿಪೇರಿಯವರ ಬಳಿ ಅಜ್ಜಿಯೊಬ್ಬರು ತಂದ, ಪುಟ್ಟ ಗಿಟಾರಿನಂಥ ಹಳೆಯ ಬ್ಯಾರಿಟೋನ್ ಉಕುಲೇಲೆಯ ಎದೆ ಬಿರುಕು ಬಿಟ್ಟಿತ್ತು. ತಂತಿ ಒತ್ತಬೇಕಾದ ಅಜ್ಜಿಯ ಎಡಗೈ ಬೆರಳುಗಳೂ ಮಡಚುತ್ತಿರಲಿಲ್ಲ. "ನನ್ನ ಕೈಲಿನ್ನು ಆಗಲ್ಲ, ಮೊಮ್ಮಗಳಿಗಾದ್ರೂ ಸರಿ ಮಾಡ್ಕೊಡಿ" ಎಂದರು. "ಬಲಗೈ ಗಟ್ಟಿಯಾಗಿದೆಯಲ್ಲಮ್ಮಾ! ವಾದ್ಯಾನೇ ತಿರುಗಿಸೋಣ" ಎಂದ ರಿಪೇರಿಯವರು ಬಿರುಕು ಬೆಸೆದು, ತಂತಿ ಹೊರುವ ಕುದುರೆಯನ್ನು ಹೊಸದಾಗಿ ಕೊರೆದು, ನಾಲ್ಕೂ ತಂತಿಗಳನ್ನು ಅದಲುಬದಲಾಗಿ ಕಟ್ಟಿದರು. ಅಜ್ಜಿ ಬಲಗೈಯಲ್ಲಿ ತಂತಿ ಒತ್ತಿ, ಎಡಗೈಯಲ್ಲಿ ಮೀಟಿ, ಹುಡುಗಿಯಂತೆ ನಕ್ಕರು. ಎಂಟು ವರ್ಷದಿಂದ ಕಿವಿ ಕೇಳಿಸದೆ, ತುಟಿ ನೋಡಿಯೇ ಮಾತು ತಿಳಿಯುವ ರಿಪೇರಿಯವರು ಬಾಗಿ, ಉಕುಲೇಲೆಯ ತಲೆಯನ್ನು ಹಲ್ಲಿನಲ್ಲಿ ಮೆಲ್ಲನೆ ಕಚ್ಚಿ, ಮರದ ನಡುಕದಲ್ಲೇ ನಾದ ಹಿಡಿದು ತಲೆದೂಗಿದರು. ಆಮೇಲೆ ಹುಬ್ಬು ಗಂಟಿಕ್ಕಿ ಹೇಳಿದರು: "ಮೂರನೇ ತಂತಿಯ ಶ್ರುತಿ ಚೂರು ಇಳಿದಿದೆಯಲ್ಲಮ್ಮಾ!"