ಗಂಗವ್ವನ ಅರ್ಧ ಸೇರು ಜೋಳ

ಇಡೀ ಸಿಂದಗಿಯಲ್ಲಿ ದಿನಾ ಅರ್ಧ ಸೇರು ಜೋಳ ಬೀಸಿಸುತ್ತಿದ್ದ ಹೆಂಗಸು ಗಂಗವ್ವ ಒಬ್ಬಳೇ. ಗಿರಣಿ ನನ್ನದು. ಅರ್ಧ ಸೇರು ಹಾಕಿದರೆ ಹಿಟ್ಟೆಲ್ಲ ಕಲ್ಲಿಗೇ ಮೆತ್ತಿಕೊಳ್ಳುತ್ತದೆ. ನನಗೆ ಸಿಟ್ಟು ಬರುತ್ತಿತ್ತು.

"ನಾಕ ದಿನದ್ದು ಕೂಡಿಸಿ ತರಾಕ ಏನ ಧಾಡಿ ನಿನಗ?"

"ಬಿಸಿ ಹಿಟ್ಟಿನ ರೊಟ್ಟಿ ಚೊಲೋ ಆಗ್ತಾವ್ರಿ ಆಯಿ."

ಸುಳ್ಳು. ಬುಟ್ಟಿಯ ತಳದಲ್ಲಿ ಕುಪ್ಪಸದ ಅರಿವೆ ಸುತ್ತಿದ ಒಂದು ಕರಿ ಯಂತ್ರ ಇರುತ್ತಿತ್ತು, ಕೈಯಲ್ಲಿ ಹಿಡಿದು ವಿಡಿಯೋ ಆಟ ಆಡುವಂಥದ್ದು. ಅದನ್ನು ಚಾರ್ಜಿಗೆ ಹಾಕಲು ಬರುತ್ತಿದ್ದಳು. ಆಗ ಊರಲ್ಲಿ ಕರೆಂಟ್ ಇದ್ದ ಹೊತ್ತಿಗಿಂತ ಇಲ್ಲದ ಹೊತ್ತೇ ಹೆಚ್ಚು. ನಮ್ಮ ಗಿರಣಿ ಮಾತ್ರ ದವಾಖಾನೆಯ ಲೈನಿನ ಮೇಲಿತ್ತು. ಅದು ಎಂದೂ ಹೋಗುತ್ತಿರಲಿಲ್ಲ.

ಅವಳು ಕುಪ್ಪಸ ಹೊಲಿಯುವವಳು. ಅಳತೆಯ ಪಟ್ಟಿ ಕೊರಳಲ್ಲಿ ತೂಗುತ್ತಿತ್ತು, ಬಳಸುತ್ತಿರಲಿಲ್ಲ. ಒಮ್ಮೆ ನೆಟ್ಟಗೆ ನೋಡಿ, "ಹ್ವಾದ ವರ್ಷಕ್ಕಿಂತ ಎರಡ ಬಟ್ಟ ದಪ್ಪ ಆಗೀರಿ ಆಯಿ" ಎಂದು ಮುಖಕ್ಕೇ ಹೇಳುತ್ತಿದ್ದಳು. ತಪ್ಪುತ್ತಿರಲಿಲ್ಲ. ತಾಯಿಯಿಲ್ಲದ ತಮ್ಮ ಮಲ್ಲೇಶಿಯನ್ನು ಹೊಲಿಗೆ ಯಂತ್ರದ ಪಕ್ಕದಲ್ಲೇ ಕೂಡಿಸಿಕೊಂಡು ದೊಡ್ಡವನನ್ನಾಗಿ ಮಾಡಿದ್ದಳು. ಅವನು ಮಿಲಿಟರಿ ಸೇರಿದ.

ಆಟದ ಯಂತ್ರ ಅವನದೇ. ಸೂಟಿಗೆ ಬಂದಾಗ ತಂದಿದ್ದ. ಜಪಾನದ ಆಟ, ಅದರ ಅಕ್ಷರ ಅವನಿಗೂ ಓದಲು ಬರುತ್ತಿರಲಿಲ್ಲ. ನಾನೂ ನೋಡಿದೆ. ಸುಟ್ಟ ಊರು, ಕರಿ ಕೋಟಿನ ಸಿಪಾಯಿಗಳು, ಬೆಳಕೆಂಬುದೇ ಇಲ್ಲದ ಆಕಾಶ.

"ಅಲ್ಲೂ ಯುದ್ಧ, ಸೂಟಿಗೆ ಬಂದ್ರೂ ಯುದ್ಧ. ತಲಿ ಕೆಟ್ಟೈತೇನೋ ನಿಂದು?" ಎಂದು ಬೈದೆ.

"ಇಲ್ಲೆ ಎಲ್ಲಾರೂ ನಾ ಹೇಳಿದಂಗ ಕೇಳ್ತಾರ ಆಯಿ. ಅಲ್ಲೆ ನಾನ ಕೇಳಬೇಕು" ಎಂದು ನಕ್ಕ. ಆಮೇಲೆ ನಗದೆ ಹೇಳಿದ: "ಇದರಾಗ ಸತ್ತಾಂವ ತಿರುಗಿ ಬರಂಗಿಲ್ಲ. ಒಂಬತ್ತ ಮಂದಿ ಇದ್ರು, ಐದ ಉಳದಾರ."

ಸೂಟಿ ಮುಗಿದ ದಿನ ಬಸ್ಸಿಗೆ ಹೊತ್ತಾಗಿತ್ತು. ಆಟ ಅರ್ಧಕ್ಕೇ ನಿಲ್ಲಿಸಿ, ಪಕ್ಕದ ಗುಂಡಿ ಸರಿಸಿ, ಅಕ್ಕನ ಕೈಗಿಟ್ಟ. "ಇದು ಮಲಗೇತಿ ಅಷ್ಟ. ಚಾರ್ಜ್ ಹೋಗಾಕ ಬಿಡಬ್ಯಾಡ ಅಕ್ಕಾ. ಲಡಾಯಿ ನಡುವ ಉಳಿಸಿ ಇಡಾಕ ಬರಂಗಿಲ್ಲ, ದೊಡ್ಡದಾತಂದ್ರ ನಾ ಇಲ್ಲೀತನಕ ಬಂದದ್ದೆಲ್ಲಾ ಹೋಗ್ತೈತಿ. ಬಂದು ಇಲ್ಲಿಂದನ ಆಡ್ತೇನಿ." ನಮ್ಮಲ್ಲಿ ದೀಪವನ್ನು ಆರಿಸು ಎನ್ನುವುದಿಲ್ಲ, ದೊಡ್ಡದು ಮಾಡು ಎನ್ನುತ್ತೇವೆ. ಆ ಯಂತ್ರಕ್ಕೂ ಅವರು ಅದೇ ಮಾತು ಆಡುತ್ತಿದ್ದರು.

ಅವನು ಬರಲಿಲ್ಲ, ಪೆಟ್ಟಿಗೆ ಬಂತು. ಗಡಿಯಲ್ಲಿ ಹಿಮ ಕುಸಿದಿತ್ತಂತೆ. ಪೆಟ್ಟಿಗೆ ತೆರೆಯಬಾರದು ಎಂದರು. "ಎಷ್ಟ ಹೊತ್ತಿಗೆ ಹ್ವಾದ?" ಎಂದು ಗಂಗವ್ವ ಕೇಳಿದಳು. ಹೋದ ಗಳಿಗೆ ಎಂಥದೆಂದು ತಿಳಿಯದೆ ನಮ್ಮಲ್ಲಿ ಸತ್ತವರ ಮುಂದಿನ ಕಾರ್ಯ ನಡೆಯುವುದಿಲ್ಲ. ತಂದವರಿಗೆ ಗೊತ್ತಿರಲಿಲ್ಲ. ಮುಖ ನೋಡಲಿಲ್ಲ, ಗಳಿಗೆ ತಿಳಿಯಲಿಲ್ಲ. ಅವಳು ನಂಬಲೂ ಇಲ್ಲ, ಅಳಲೂ ಇಲ್ಲ. ಮಣ್ಣು ಕೊಟ್ಟ ಮರುದಿನವೇ ಬುಟ್ಟಿ ಹಿಡಿದು ಗಿರಣಿಗೆ ಬಂದಳು.

ಚಾರ್ಜ್ ಆದ ಮೇಲೆ ಗುಂಡಿ ಸರಿಸಿ ಒಮ್ಮೆ ನೋಡುತ್ತಿದ್ದಳು. ಮುರಿದ ಸೇತುವೆಯ ಮುಂದೆ ಐದು ಸಿಪಾಯಿಗಳು. ಬೀಳುತ್ತಿದ್ದ ಹಿಮವೂ ಗಾಳಿಯಲ್ಲೇ ನಿಂತುಬಿಟ್ಟಿತ್ತು. "ಐದೂ ಮಂದಿ ಅದಾರ್ರಿ" ಎಂದು ನನಗೆ ಹೇಳಿ ಮತ್ತೆ ಮಲಗಿಸುತ್ತಿದ್ದಳು. ಹೀಗೇ ಎರಡು ವರ್ಷ.

ಒಮ್ಮೆ ಮದುವೆಯ ಮನೆಯ ಕುಪ್ಪಸ ಹೊಲಿಯಲು ತಾಳಿಕೋಟೆಗೆ ಮೂರು ದಿನ ಹೋಗಬೇಕಾಯಿತು. ಯಂತ್ರವನ್ನು ಗಿರಣಿಯ ಪ್ಲಗ್ಗಿಗೆ ಹಚ್ಚಿ ಹೋದಳು. "ಕೀಳಬ್ಯಾಡ್ರಿ ಆಯಿ. ಬ್ಯಾಟ್ರಿ ಹಳೇದಾಗೇತಿ, ಒಂದ ದಿನಾನೂ ತಡಿಯಂಗಿಲ್ಲ."

ನಾನು ಕಿತ್ತೆ. ಕೈ ತಾಗಿ ಅಲ್ಲ, ಬೇಕಂತಲೇ ಕಿತ್ತೆ. ಇದೊಂದು ಆರಿದರೆ ಅವಳು ಅತ್ತು ಮುಗಿಸುತ್ತಾಳೆ, ನಾಲ್ಕು ಜನರಂತೆ ಇರುತ್ತಾಳೆ ಎಂದುಕೊಂಡೆ.

ಬಂದವಳೇ ಗುಂಡಿ ಸರಿಸಿದಳು. ಕಪ್ಪು. ಮತ್ತೆ ಸರಿಸಿದಳು.

"ಯಾರು ದೊಡ್ಡದು ಮಾಡಿದ್ರು?"

"ಕರೆಂಟ್ ಹೋಗಿತ್ತು."

ಕುಪ್ಪಸದ ಅಳತೆ ತೆಗೆಯುವಾಗ ನೋಡುವ ಹಾಗೆ ನನ್ನನ್ನು ನೋಡಿದಳು. "ದವಾಖಾನಿ ಲೈನ್ ಆಯಿ" ಎಂದಳು. ಅಷ್ಟೇ.

ಎದುರಿನ ಮೊಬೈಲ್ ಅಂಗಡಿಯವನು ಚಾರ್ಜ್ ಹಾಕಿ ಮತ್ತೆ ಹಚ್ಚಿದ. ಮಲ್ಲೇಶಿ ಎಂದೋ ಹಿಂದೆ ಉಳಿಸಿಟ್ಟ ಆಟ ತೆರೆಯಿತು. ಸೇತುವೆ ಇರಲಿಲ್ಲ, ಹಿಮ ಇರಲಿಲ್ಲ. ಸಿಪಾಯಿಗಳು ಒಂಬತ್ತು ಮಂದಿ.

"ಸತ್ತವ್ರೂ ಎದ್ದು ಬಂದಾರಲ್ರೀ ಅಕ್ಕಾರ, ಚೊಲೋನ ಆತು!" ಎಂದ ಅವನು.

ಗಂಗವ್ವ ಬೆರಳಿಟ್ಟು ಎಣಿಸಿದಳು. "ಇವರಾಗ ನಾಕ ಮಂದಿ ಸಾಯೋರದಾರ. ಇವ್ರಿಗೇ ಗೊತ್ತಿಲ್ಲ ನೋಡ್ರಿ" ಎಂದಳು. ಯಂತ್ರವನ್ನು ಅರಿವೆಯಲ್ಲಿ ಸುತ್ತುತ್ತ, "ಅಂವ ಬಿಟ್ಟ ಹ್ವಾದ ಜಾಗಾ ಇದಲ್ಲ. ಈಗ ಬಂದ್ರ ಎಲ್ಲಿಗಂತ ಬರ್ತಾನ?"

ಆಗಲೂ ಅಳಲಿಲ್ಲ. ನಾನು ಎಣಿಸಿದ್ದು ತಪ್ಪಾಗಿತ್ತು.

ಆಮೇಲೆ ವಾರಕ್ಕೊಮ್ಮೆ ಬರತೊಡಗಿದಳು, ಎಲ್ಲರ ಹಾಗೆ, ತುಂಬಿದ ಬುಟ್ಟಿ ಹೊತ್ತು. ತಳದಲ್ಲಿ ಜೋಳವಲ್ಲದೆ ಏನೂ ಇರುತ್ತಿರಲಿಲ್ಲ. "ಪ್ಲಗ್ ಖಾಲಿ ಐತಿ" ಎಂದೆ ಒಂದು ದಿನ. "ಇರ್ಲಿ ಬಿಡ್ರಿ" ಎಂದಳು.

ಆ ವರ್ಷವೇ ಮುದ್ದೇಬಿಹಾಳಕ್ಕೆ, ಚಿಕ್ಕವ್ವನ ಮಗಳ ಮನೆಗೆ ಹೊರಟಳು. ಹೇಳಿ ಹೋಗಲು ಗಿರಣಿಗೆ ಬಂದು, ಬಾಗಿಲಲ್ಲೇ ನಿಂತಳು.

"ಆಯಿ, ನೀವು ಕಿತ್ತಾಗ ಎಷ್ಟ ಹೊತ್ತಾಗಿತ್ತು?"

ಸುಳ್ಳು ಹೇಳುವ ದಾರಿ ಇರಲಿಲ್ಲ. "ಮುಂಜಾನಿ. ಹತ್ತರ ಸುಮಾರು. ನೀ ಹ್ವಾದ ದಿನಾನ."

"ಸೋಮವಾರ" ಎಂದು ಬೆರಳು ಮಡಚಿದಳು. "ಆತು ಬಿಡ್ರಿ. ಅದೊಂದ ಗೊತ್ತಿರಲಿಲ್ಲ ನನಗ."

ಸೆರಗಿನಿಂದ ಮುಖ ಮುಚ್ಚಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು. ಮತ್ತೆ ಸಿಂದಗಿಗೆ ಬರಲಿಲ್ಲ. ಮೂರು ವರ್ಷದ ಮೇಲೆ ಹಿಟ್ಟು ಬೀಸಿಸಲು ಬಂದವರು ಯಾರೋ, ಗಂಗವ್ವ ತೀರಿಕೊಂಡಳಂತೆ ಎಂದರು. ಎಷ್ಟು ಹೊತ್ತಿಗೆ ಎಂದು ಕೇಳಿದೆ.

ಅವರಿಗೆ ಗೊತ್ತಿರಲಿಲ್ಲ.