ರೊಟ್ಟಿ ಬೆಳಿಗ್ಗೆ, ಬೇಳೆ ಸಂಜೆ

ಬಲಗೈ ತೋರುಬೆರಳಿನ ಉಗುರಿಗೆ ಅರಿಸಿನದ ಹಳದಿ, ಅದೇ ಬೆರಳಿನ ತುದಿಗೆ ಸೀಮೆಸುಣ್ಣದ ಬಿಳುಪು. ಆ ಬೆರಳಿನಿಂದಲೇ ನಮ್ಮ ಮೇಡಂ ಊಟದ ಡಬ್ಬಿಗಳನ್ನು ತಟ್ಟಿ ತೆಗೆಸುತ್ತಿದ್ದರು. ಬೀದರಿನ ಕಾಲೇಜಿನಲ್ಲಿ ಅವರು ನಮಗೆ ಗೃಹವಿಜ್ಞಾನ ಕಲಿಸುತ್ತಿದ್ದರು.

“ರೊಟ್ಟಿ ಒಂದೇ ಬಂದದಲ್ಲ ಬೇಟಾ! ಬ್ಯಾಳಿ ಸಿಟ್ಟು ಮಾಡಿ ತವರಮನಿಗಿ ಹೋಗ್ಯಾದೇನು?”

ಅವರ ಮನೆಯಲ್ಲಿ ಮಾಂಸದಡುಗೆ ಸಾಮಾನ್ಯ. ನಮ್ಮಲ್ಲಿ ಹೆಚ್ಚಿನವರ ಮನೆಗಳಲ್ಲಿ ಅದಿಲ್ಲವೆಂದು ತಿಳಿದೇ ಅವರು ಜೋಳ, ಬೇಳೆಗಳ ಲೆಕ್ಕ ಹೇಳಿಕೊಡುತ್ತಿದ್ದರು. ಜೋಳದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ತೊಗರಿಬೇಳೆಯಲ್ಲಿ ಅದು ಧಾರಾಳ. ಬೇಳೆಗೆ ಕೊರತೆಯಾದದ್ದನ್ನು ಜೋಳ ತುಂಬಿಕೊಡುತ್ತದೆ. ಎರಡೂ ಕೂಡಿದರೆ ಪ್ರೋಟೀನು ಪೂರ್ಣ. ಆದರೆ ಒಂದೇ ಊಟದಲ್ಲಿ ಕೂಡಬೇಕು ಎಂಬುದು ಅವರ ಹಟ.

ನಾನು ಮೊದಲ ವರ್ಷದಲ್ಲಿದ್ದಾಗ ಅವರು ನಮ್ಮೂರು ಸಂತಪುರದಲ್ಲಿ ಶಿಬಿರ ನಡೆಸಿದರು. ಸೇರಿದ್ದ ಹೆಂಗಸರ ನಡುವೆ ಅವ್ವನನ್ನು ಎಬ್ಬಿಸಿ ಕೇಳಿದರು: “ಮಗಳ ಡಬ್ಬಿಗಿ ಏನ್ ಕಟ್ತೀರಿ?”

“ರೊಟ್ಟಿ, ಖಾರ, ಉಳ್ಳಾಗಡ್ಡಿರಿ. ಬ್ಯಾಳಿ ಸಂಜಿಗಿ ಮಾಡ್ತೇನ್ರಿ.”

“ಹಾಂಗಾದ್ರ ಎರಡೂ ದಂಡ. ಹುಡುಗಿ ಹ್ಯಾಂಗ ಗಟ್ಟಿ ಆಗ್ತಾಳ? ಹಡೆದಾಕಿ ಇಷ್ಟೂ ನೋಡಬಾರದೇನು?”

ಹೆಂಗಸರು ನಕ್ಕರು. ಅವ್ವ ಸೆರಗು ಸರಿಮಾಡಿಕೊಂಡು ಕೂತಳು.

ಅವ್ವ ಹೊತ್ತು ಮೂಡುತ್ತಲೇ ಕಳೆ ಕೀಳುವ ಕೂಲಿಗೆ ಹೋಗುವವಳು. ಮರುದಿನದಿಂದ ಇನ್ನೂ ಕತ್ತಲಿರುವಾಗಲೇ ಎದ್ದು ಬೇಳೆ ಬೇಯಿಸತೊಡಗಿದಳು. ಬೇಸಿಗೆಯಲ್ಲಿ ಅದು ಮಧ್ಯಾಹ್ನಕ್ಕೆ ಹಳಸುತ್ತಿತ್ತು. ಸಂಜೆ ಉಣ್ಣುವಾಗ ಅವ್ವ ತುತ್ತು ಕೈಯಲ್ಲಿ ಹಿಡಿದುಕೊಂಡೇ ತೂಕಡಿಸುತ್ತಿದ್ದಳು. ಬೇಡ ಬಿಡು ಎಂದರೆ, “ಓದಿದಾಕಿ ಹೇಳ್ಯಾರ. ನೀ ಸೊರಗಿದ್ರ ಮಂದಿ ನನಗೇ ಅಂತಾರ” ಎನ್ನುವಳು.

ಕಡೆಯ ವರ್ಷ, ಒಂದು ಮಧ್ಯಾಹ್ನ ಮೇಡಂ ಹೊಸ ಪಠ್ಯಪುಸ್ತಕ ಹಿಡಿದು ತರಗತಿಗೆ ಬಂದರು. ಹಲಗೆಯ ಮೇಲೆ ‘ಒಂದೇ ಊಟದಲ್ಲಿ’ ಎಂದು ಬರೆದು, ಅಂಗೈಯಿಂದ ಒರೆಸಿದರು.

“ಇಷ್ಟು ವರ್ಷ ನಾ ತಪ್ಪು ಕಲಿಸಿದ್ದೆ. ಒಂದೇ ಹೊತ್ತಿಗಿ ಬೇಕಾಗಿಲ್ಲ. ದಿನದಾಗ ಎರಡೂ ಹೊಟ್ಟಿಗಿ ಬಿದ್ರ ಸಾಕು, ಮೈ ತಾನೇ ಕೂಡಿಸ್ಕೋತದ.” ಆಮೇಲೆ ನನ್ನ ಕಡೆ ತಿರುಗಿದರು. “ನಿಮ್ಮವ್ವ ಡಬ್ಬಿ ಸಲುವಾಗಿ ಬ್ಯಾಳಿ ಯಾವಾಗ ಬೇಯಿಸ್ತಾರ?”

“ನಸುಕಿನ್ಯಾಗ್ರಿ.”

ಆ ಭಾನುವಾರ ಮೇಡಂ ಔರಾದಿಗೆ ಹೋಗುವ ಬಸ್ಸಿನಿಂದ ಸಂತಪುರದಲ್ಲಿ ಇಳಿದು, ದಾರಿ ಕೇಳಿಕೊಂಡು ನಮ್ಮ ಮನೆಗೆ ಬಂದರು. ವಿಷಯ ತಿಳಿದ ಅವ್ವ ಗಾಬರಿಯಾದಳು. “ಅಯ್ಯ, ಇಷ್ಟು ಹೇಳಲಾಕ ಬಸ್ ಹತ್ತಿ ಬಂದ್ರೇನ್ರಿ? ಹುಡುಗಿ ಕೂಡ ಹೇಳಿ ಕಳಿಸಿದ್ರ ಆಗ್ತಿತ್ತಲ್ರಿ.”

“ಮಂದಿ ಮುಂದ ಅಂದೀನಿ. ಮಂದಿ ಮುಂದೇ ವಾಪಸ್ ತಗೋಬೇಕು. ಓಣಿ ಹೆಂಗಸರಿಗಿ ಕರೀರಿ.”

ಹೆಂಗಸರು ಬಂದರು. ಮೇಡಂ ಅಂಗಳದಲ್ಲಿ ನಿಂತೇ ಹೇಳಿದರು: “ಈಕಿ ಮಾಡಿದ್ದು ಬರೋಬರ್ ಇತ್ತು. ಗಲತ್ ನಂದು.”

“ಹಂಗಂದ್ರ ನಾವು ಅವತ್ತು ನಕ್ಕಿದ್ದು?” ಎಂದಳು ಪಕ್ಕದ ಮನೆಯಾಕೆ.

“ಅದು ನಿಮ್ಮ ಗಲತ್. ಅದಕ್ಕ ನೀವೇ ಬಸ್ ಹತ್ರಿ” ಎಂದರು ಮೇಡಂ. ಅವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು.

ಹೋದ ವರ್ಷ ಮೇಡಂ ತೀರಿಕೊಂಡರು. ಭಾಲ್ಕಿಯಲ್ಲಿ ನಾನೀಗ ಅದೇ ಪಾಠ ಮಾಡುತ್ತೇನೆ. ಹಲಗೆಯ ಮೇಲೆ ತಪ್ಪಾದರೆ ಮಕ್ಕಳಿಗೆ ಹೇಳಿಯೇ ಒರೆಸುತ್ತೇನೆ. ಅದು ಸುಲಭವಲ್ಲ. ಅವರು ಅಂದು ನಮ್ಮ ಅಂಗಳದಲ್ಲಿ ಮಾಡಿದ್ದು ಎಷ್ಟು ದೊಡ್ಡದೆಂದು ಪ್ರತಿ ಸಲವೂ ಗೊತ್ತಾಗುತ್ತದೆ.

ಅವರು ಬಂದುಹೋದ ಮರುದಿನ ಬೆಳಿಗ್ಗೆ ಅವ್ವನಿಗಿಂತ ಮೊದಲು ಎಚ್ಚರವಾದದ್ದು ನನಗೆ. ಅವಳನ್ನು ಎಬ್ಬಿಸಲಿಲ್ಲ. ಬುಟ್ಟಿಯಲ್ಲಿದ್ದ ರೊಟ್ಟಿ, ಒಂದಿಷ್ಟು ಖಾರ ಡಬ್ಬಿಗೆ ಹಾಕಿಕೊಂಡು, ಸದ್ದಾಗದಂತೆ ಬಾಗಿಲು ಮುಂದೆ ಮಾಡಿ ಬಸ್ಸಿಗೆ ನಡೆದೆ.