ಒಣಗಿದ ಬಾಯಿ, ಬಿಟ್ಟಿ ಮಾತ್ರೆ

ಮದರಾಸಿನ ಹತ್ತಿ ಗಿರಣಿಯಲ್ಲಿ ದುಡಿಯುತ್ತ, ಅದರ ಗೇಟಿನಲ್ಲಿ ಕಾರ್ಮಿಕರ ಪರವಾಗಿ ಭಾಷಣ ಮಾಡುತ್ತಿದ್ದ ನನಗೆ ಬಾಯಿ ಒಣಗುವ ಕಾಯಿಲೆ ಹತ್ತಿತು. ನಾಲಿಗೆ ಅಂಗುಳಕ್ಕೆ ಅಂಟಿ ಮಾತೇ ಹೊರಡದು. ನಾನು ಸುಮ್ಮನಾದರೆ ಹೋರಾಟವೂ ಸುಮ್ಮನಾಗುತ್ತಿತ್ತು. ಸಂಗಾತಿಗಳು ಸೋಡಾ ಕುಡಿಸಿ ಸೋತರು. ತ್ರಿಪ್ಲಿಕೇನಿನಲ್ಲಿದ್ದ ಕನ್ನಡದ ಡಾಕ್ಟರಮ್ಮನ ಬಳಿ ಹೋದೆ.

“ಭಾಷಣದಿಂದ ಹೀಗಾಗಿದೆ ಅಮ್ಮಾ.”

“ಭಾಷಣ ಇಲ್ಲದ ದಿನಾನೂ ಒಣಗುತ್ತಾ?”

“ಒಣಗುತ್ತೆ.”

“ಮತ್ತೆ ಪಾಪ, ಭಾಷಣದ ಮೇಲೆ ಯಾಕೆ ತಪ್ಪು ಹೊರಿಸ್ತೀರಿ?”

ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿದರು, ಅದಿರಲಿಲ್ಲ. ಬೀಡಿ ಸೇದುತ್ತೀರಾ, ಬಾಯಿ ತೆರೆದು ಮಲಗುತ್ತೀರಾ ಎಂದು ವಿಚಾರಿಸಿದರು. ಎರಡೂ ಇಲ್ಲ.

“ಮಾತ್ರೆ ಏನಾದರೂ ತಗೋತೀರಾ?”

“ಸೀನಿಗೆ ದಿನಾ ತಗೋತೀನಿ. ಗಿರಣಿ ದವಾಖಾನೇಲಿ ಬಿಟ್ಟಿ ಕೊಡ್ತಾರೆ.”

“ಅದೇ ನಿಮ್ಮ ಬಾಯಿ ಒಣಗಿಸ್ತಿರೋದು. ಸೀನು ಯಾತರಿಂದ?”

“ಹತ್ತಿ ಧೂಳಿನಿಂದ.”

ಹೇಳುತ್ತಿದ್ದಂತೆ ಮೈಯೆಲ್ಲ ಉರಿಯಿತು. ಧೂಳು ಎಳೆಯುವ ಫ್ಯಾನು ಹಾಕಿಸದ ಯಜಮಾನರು ನಮಗೆಲ್ಲ ಮಾತ್ರೆ ಹಂಚಿ ಧರ್ಮಾತ್ಮರಾಗಿದ್ದರು. ನಾನೂ ನುಂಗಿ ನಮಸ್ಕಾರ ಹೇಳುತ್ತಿದ್ದೆ.

ಮಾತ್ರೆ ಬಿಟ್ಟೆ. ಬಾಯಲ್ಲಿ ನೀರೂರಿತು, ಸೀನೂ ಮರಳಿತು. ಗೇಟಿನಲ್ಲಿ “ಫ್ಯಾನು ಹಾಕಿಸಿ” ಎನ್ನುವಷ್ಟರಲ್ಲಿ ಸೀನಿದೆ. ನನ್ನ ಮಾತು ಕೇಳಿ ಮಾತ್ರೆ ಬಿಟ್ಟಿದ್ದವರೆಲ್ಲ ಹಿಂದೆಯೇ ಸೀನಿದರು. ಮ್ಯಾನೇಜರ್ ಕಿಟಕಿ ತೆರೆದು ನೋಡಿದರು. ನನ್ನ ಯಾವ ಭಾಷಣಕ್ಕೂ ಆ ಕಿಟಕಿ ತೆರೆದಿರಲಿಲ್ಲ.